ಪಾಲು ಮಾಡದ ಚಿಕ್ಕಪ್ಪ

ಹುಣಸೂರು ಕಡೆಯ ಪ್ರತಿ ಕ್ರೈಸ್ತ ಮನೆತನದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಜೇಬಿನಲ್ಲಿ ಜಪಸರ, ಬಾಯಲ್ಲಿ "ದೇವರಿಗೆ ಬಿಟ್ಟಿದ್ದು". ನಮಗೆ ಸಿಕ್ಕವರು ಚಿಕ್ಕಪ್ಪ. ತಪಸ್ಸಿನ ಕಾಲದಲ್ಲಿ ಮಾಂಸ ಮುಟ್ಟುವುದಿಲ್ಲ. ಮುಟ್ಟುವವರ ತಟ್ಟೆಯಿಂದ ಕಣ್ಣನ್ನಂತೂ ಕೀಳುವುದಿಲ್ಲ.

ಮಂಗಳವಾರ ಬಂತೆಂದರೆ ಕೆ.ಆರ್. ನಗರದ ಬಸ್ಸು ಹತ್ತಿ ಡೋರ್ನಹಳ್ಳಿಗೆ ಹೊರಟರು. ಅಲ್ಲಿ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಸಂತ ಅಂತೋಣಿಯ ವಿಗ್ರಹ ಸಿಕ್ಕಿತಂತೆ, ಅವನು ಬೊಂಬೆ ಎಂದುಕೊಂಡು ಮಕ್ಕಳ ಕೈಗೆ ಕೊಟ್ಟುಬಿಟ್ಟನಂತೆ. ಈ ಕಥೆಯನ್ನು ಚಿಕ್ಕಪ್ಪ ಆ ನೇಗಿಲು ಹಿಡಿದಿದ್ದವರು ತಾವೇ ಎಂಬಂತೆ ಹೇಳುತ್ತಾರೆ. 2019ರಲ್ಲಿ ಆ ಗುಡಿ ಬಸಿಲಿಕ ಆದಾಗ ಊರೆಲ್ಲ ಖುಷಿಪಟ್ಟಿತು. ಇವರೊಬ್ಬರು ಮುಖ ಗಂಟು ಹಾಕಿಕೊಂಡರು: "ಅಂತೋಣಪ್ಪಂಗೆ ಇವರು ಬಡ್ತಿ ಕೊಡೋದಾ?"

ನನ್ನ ಸಂಕಟ ಬೇರೆ. ಸಂತ ಅಂತೋಣಿ ಕಳೆದುಹೋದದ್ದನ್ನು ಹುಡುಕಿಕೊಡುವವನು. ಒಂದು ವರ್ಷ ಚಿಲ್ಕುಂದದ ಹರಾಜಿಗೆ ನಮ್ಮ ಹೊಗೆಸೊಪ್ಪಿನ ಬೇಲು ಹೊರಟ ಬೆಳಿಗ್ಗೆಯೇ ಪಾಸ್‌ಬುಕ್ಕು ಕಾಣೆ. ಟ್ರ್ಯಾಕ್ಟರಿನವನು ಹಾರನ್ ಹೊಡೆಯುತ್ತಿದ್ದಾನೆ. ನಾನು ಬೀರು ಬಗೆದೆ, ಹಾಸಿಗೆ ಕೊಡವಿದೆ, ಬ್ಯಾರನ್ನಿನ ಬೂದಿಗೂ ಕೈ ಹಾಕಿದೆ. ಚಿಕ್ಕಪ್ಪ ಪೀಠದ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದರು.

"ಸ್ವಲ್ಪ ಹುಡುಕಿ ಚಿಕ್ಕಪ್ಪ!"

"ಲೋ ಮಗ, ಬೇಡ್ಕೊಳ್ಳೋದೂ ನಾನೇ, ಹುಡುಕೋದೂ ನಾನೇ ಆದ್ರೆ ಅದು ನಂಬಿಕೆನಾ? ಪಾಲು ಬೇಸಾಯ ಅಷ್ಟೇ."

ಕೊನೆಗೆ ಅದು ಅವರ ಮೊಣಕಾಲಿನ ಕೆಳಗೇ ಇತ್ತು, ಮಡಿಸಿ ಹಾಕಿದ್ದ ಚೀಲದೊಳಗೆ. ಹುಡುಕಿ ತೆಗೆದವನು ನಾನು. ಮೇಣದಬತ್ತಿ ಹಚ್ಚಿದ್ದು ಅಂತೋಣಪ್ಪನಿಗೆ. ಮರುವರ್ಷ ನಮ್ಮ ಹರಾಜಿನ ಸರದಿ ಮಂಗಳವಾರವೇ ಬಂತು; ಚಿಕ್ಕಪ್ಪ ಡೋರ್ನಹಳ್ಳಿಗೆ ಹೋದರು, ಬೇಲುಗಳ ಮುಂದೆ ನಿಂತು ಬೆವರಿದ್ದು ನಾನು. ಇಬ್ಬರು ಒಡೆಯರಿಗೆ ದುಡಿಯಲಾಗದು ಎಂದು ಯೇಸು ಹೇಳಿದ್ದು ನಿಜ. ಎರಡನೆಯ ಒಡೆಯನ ಕೆಲಸವನ್ನು ಅಣ್ಣನ ಮಗನಿಗೆ ದಾಟಿಸು ಎಂದು ಎಲ್ಲೂ ಹೇಳಿಲ್ಲ.

ಚಿಕ್ಕಮ್ಮ ತೀರಿಕೊಂಡ ಮೇಲೆ ಒಂದು ಜೂನ್ 13ರ ಹಬ್ಬಕ್ಕೆ ನಾನೂ ಜೊತೆಗೆ ಹೋದೆ. ಸಾಲಿನಲ್ಲಿ ಅರಿಸಿನ ಕುಂಕುಮದ ಹೆಂಗಸರು, ಮಗು ಎತ್ತಿಕೊಂಡ ಗಂಡಸರು. ಎಲ್ಲರ ಕೈಯಲ್ಲೂ ಮೇಣದಬತ್ತಿ, ಎಲ್ಲರಿಗೂ ಏನೋ ಒಂದು ಬೇಕು. ಚಿಕ್ಕಪ್ಪ ಬತ್ತಿ ಹಚ್ಚಿ, ವಿಗ್ರಹದ ಪಾದದ ಹತ್ತಿರ ಕೈ ಇಟ್ಟು, ಯಾರ ಜೊತೆಗೋ ಪಟ್ಟಾಂಗಕ್ಕೆ ಕೂತವರ ಹಾಗೆ ತಲೆಯಾಡಿಸುತ್ತಾ ನಿಂತರು. ಹಿಂದಿನವರು ತಳ್ಳಿದರೂ ಅವಸರವಿಲ್ಲ. ಆ ಕೈ ಸ್ವಲ್ಪ ನಡುಗುತ್ತಿತ್ತು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಬಸ್ ಸ್ಟಾಪಿನಲ್ಲಿ ಕೇಳಿದೆ, "ಏನು ಬೇಡ್ಕೊಂಡ್ರಿ ಚಿಕ್ಕಪ್ಪ?" ಚಿಕ್ಕಮ್ಮನ ವಿಷಯ ಬರುತ್ತದೆ ಎಂದುಕೊಂಡಿದ್ದೆ.

"ಬೇಡ್ಕೊಳ್ಳೋದು ಏನಿದೆ? ಅಂತೋಣಪ್ಪ ಒಳಗೆ ಕರ್ಕೊಂಡು ಹೋದ, ದೇವರನ್ನ ಮಾತಾಡಿಸ್ಕೊಂಡು ಬಂದೆ." ಟವೆಲಿನಿಂದ ಮುಖ ಒರೆಸಿಕೊಂಡರು. "ನೀನೇನು ಬೇಡ್ಕೊಂಡೆ?"

ನಾನು ಬೇಡಿಕೊಂಡದ್ದು ಹೊಗೆಸೊಪ್ಪಿನ ರೇಟು. ಅದೂ ಅರ್ಧ ಜಪದಲ್ಲಿ ಮೊಬೈಲ್ ತೆಗೆದು ಹೋದ ವರ್ಷದ್ದು ಎಷ್ಟಿತ್ತು ಎಂದು ನೋಡಿಕೊಂಡು.

"ಬಸ್ಸು ಬಂತು ಚಿಕ್ಕಪ್ಪ, ಏಳಿ" ಎಂದೆ.

ಬಸ್ಸು ಬಂದಿರಲಿಲ್ಲ.