ಬ್ಯಾಟ್‌ಮ್ಯಾನ್‌ಗೊಬ್ಬ ಮಗನಿದ್ದಿದ್ದರೆ

ಕ್ರಿಸ್ಟೊಫರ್ ನೋಲನ್ ತೆಗೆದ ಬ್ಯಾಟ್‌ಮ್ಯಾನ್ ಸರಣಿಯ ಮೂರನೇ ಹಾಗೂ ಕೊನೆಯ ಚಿತ್ರ ‘ದಿ ಡಾರ್ಕ್ ನೈಟ್ ರೈಸಸ್’ ಬಂದದ್ದು 2012ರ ಜುಲೈನಲ್ಲಿ. ಶಿರಾಳಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ನನ್ನ ಗೆಳೆಯನಿಗೆ ಆವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸಿಟ್ಟು ಪ್ರಪಂಚಕ್ಕೆಲ್ಲ ಇತ್ತು ಅನ್ನಿ. ಬೆನ್ನುಮೂಳೆ ತಪ್ಪಿದವನನ್ನು ಹಗ್ಗಕ್ಕೆ ನೇತುಹಾಕಿ, ಬೆನ್ನಿಗೊಂದು ಗುದ್ದಿ ನೆಟ್ಟಗೆ ಮಾಡಿದ್ದು ಹೇಗೆ? ಕೈಯಲ್ಲಿ ಕಾಸಿಲ್ಲದೆ ಎಲ್ಲಿಯದೋ ಪಾತಾಳದ ಸೆರೆಯಿಂದ ಹತ್ತಿ ಬಂದವನು, ಸೇತುವೆಗಳೆಲ್ಲ ಬಂದ್ ಆಗಿದ್ದ ಗಾಥಮ್ ಊರಿಗೆ ಸೇರಿದ್ದು ಹೇಗೆ? ಮುಖಕ್ಕೆ ಕುಕ್ಕೆ ಹಾಕಿಕೊಂಡ ಬೇನ್ ಹೇಳಿದ್ದು ಯಾರಿಗೆ ಅರ್ಥವಾಯಿತು? ಇವು ಅಮೆರಿಕದವರ ತಕರಾರು. ನನ್ನ ಗೆಳೆಯನಿಗೆ ಬೇನ್ ಒಬ್ಬನದೇ ಅಲ್ಲ, ಯಾರ ಮಾತೂ ಅರ್ಥವಾಗಿರಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬಿಡದಿದ್ದ ಕಾಲ ಅದು. ನಮ್ಮ ಭಾಷೆ ಕೆಡದಿರಲೆಂದು ಅವನು ಹಿಂದಿಯಲ್ಲಿ ನೋಡಿದ.

ಅವನ ತಕರಾರು ಒಂದೇ: ನಾಯಕ ನಿವೃತ್ತನಾದ. ಆದದ್ದೂ ಅಲ್ಲದೆ, ಗವಿ, ಗಾಡಿ, ಹೆಸರು ಎಲ್ಲವನ್ನೂ ಸಂಬಂಧವೇ ಇಲ್ಲದ ಒಬ್ಬ ಪೊಲೀಸಿನವನ ಕೈಗೆ ಕೊಟ್ಟುಹೋದ.

“ಅಲ್ರೀ ಸಾರ್, ಯಾರ್ರೀ ಅವನು ಬ್ಲೇಕು? ಜಾತಿಯಲ್ಲ, ಬಳಗವಲ್ಲ, ಅಳಿಯನೂ ಅಲ್ಲ. ಅಪ್ಪ-ಅವ್ವ ಇಲ್ಲದ ಹುಡುಗ ಅಂತ ಗವಿ ಕೊಡೋದಾ? ಅರಮನೆಯಂಥ ಮನೆ ಬೇರೆ ಅನಾಥ ಮಕ್ಕಳಿಗೆ ಬರೆದುಕೊಟ್ಟಾನೆ. ತಲೆ ಸರಿ ಇರೋನು ಮಾಡೋ ಕೆಲಸವಾ ಇದು?”

ಅವನು ಹುಟ್ಟಿ ಬೆಳೆದದ್ದು ಶಿಕಾರಿಪುರ ತಾಲ್ಲೂಕಿನಲ್ಲಿ. ಆ ಚಿತ್ರ ಬಂದ ವರ್ಷವೇ ಡಿಸೆಂಬರಿನಲ್ಲಿ ಅವನ ಕ್ಷೇತ್ರದ ನಾಯಕ ಯಡಿಯೂರಪ್ಪನವರು ಹಾವೇರಿಯಲ್ಲಿ ಸ್ವಂತ ಬ್ಯಾನರ್ ಕಟ್ಟಿದರು. ಬಾವಲಿಯ ಬದಲು ತೆಂಗಿನಕಾಯಿ ಚಿಹ್ನೆ. ಒಂದು ಚುನಾವಣೆ ಮುಗಿಸಿ ಹಳೇ ಕಂಪನಿಗೇ ವಾಪಸ್ಸಾದರು. ಒಟ್ಟು ನಾಲ್ಕು ಸಲ ಮುಖ್ಯಮಂತ್ರಿ. 2007ರದ್ದು ಒಂದು ವಾರ, 2018ರದ್ದು ವಾರವೂ ಇಲ್ಲ. ಯಾವ ಭಾಗವೂ ಪೂರ್ತಿ ಐದು ವರ್ಷ ಓಡಲಿಲ್ಲ. 2021ರ ಜುಲೈನಲ್ಲಿ ಕಣ್ಣೀರಿನೊಂದಿಗೆ ರಾಜೀನಾಮೆ. ನೋಲನ್‌ನ ಚಿತ್ರ ಬಂದು ಸರಿಯಾಗಿ ಹತ್ತು ವರ್ಷಕ್ಕೆ, 2022ರ ಜುಲೈನಲ್ಲಿ, ಶಿಕಾರಿಪುರವನ್ನು ಮಗ ವಿಜಯೇಂದ್ರರಿಗೆ ಬಿಟ್ಟುಕೊಡುತ್ತೇನೆಂದರು. ಮರುವರ್ಷ ಮಗ ಶಾಸಕ, ಅದೇ ವರ್ಷ ಪಕ್ಷದ ರಾಜ್ಯಾಧ್ಯಕ್ಷ. ಇನ್ನೊಬ್ಬ ಮಗ ಮೊದಲೇ ಸಂಸದ. “ಕ್ಲೈಮ್ಯಾಕ್ಸ್ ಅಂದ್ರೆ ಇದು” ಅನ್ನುತ್ತಾನೆ ಗೆಳೆಯ. ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ತಮ್ಮ ಹೆಸರು ಬೇಡ, ಕುವೆಂಪು ಹೆಸರಿಡಿ ಅಂದದ್ದು ಮಾತ್ರ ಅವನಿಗೆ ಹಿಡಿಸಲಿಲ್ಲ. ಅದರಲ್ಲಿ ಸ್ವಲ್ಪ ನೋಲನ್ ವಾಸನೆ ಇದೆಯಂತೆ.

ಪಕ್ಕದ ಸೊರಬದಲ್ಲಿ ಕಥೆ ಇನ್ನೂ ಬಿಗಿ. ಅಲ್ಲಿ ಬಂಗಾರಪ್ಪನವರಿಗೆ ಇಬ್ಬರು ಗಂಡು ಮಕ್ಕಳು. 2013ರಲ್ಲಿ ಮಧು ಗೆದ್ದರು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು. ಲಕ್ಷಣವಾದ ಟ್ರೈಲಜಿ! ಹೊರಗಿನಿಂದ ಖಳನಾಯಕನನ್ನು ಕರೆಸುವ ಖರ್ಚೂ ಇಲ್ಲ. ಇಬ್ಬರಲ್ಲಿ ಒಬ್ಬರು ‘ಅಶ್ವಮೇಧ’ ಚಿತ್ರದ ನಾಯಕನಟ, ಹಾಗಾಗಿ ಪಾತ್ರವರ್ಗದ ಬಗ್ಗೆಯೂ ದೂರು ಹೇಳುವಂತಿಲ್ಲ. ಇನ್ನು ತಂದೆಯವರು ಶಿವಮೊಗ್ಗದಿಂದ ಲೋಕಸಭೆಗೆ 1996, 1999, 2004, 2005ರಲ್ಲಿ ನಾಲ್ಕು ಸಲ ಗೆದ್ದರು, ನಾಲ್ಕೂ ಸಲ ಬೇರೆ ಬೇರೆ ಪಕ್ಷದಿಂದ. ನಿರ್ಮಾಪಕರು ಬದಲಾದರೂ ನಾಯಕ ಅವನೇ.

ಇಂಥ ನೀರು ಕುಡಿದವನಿಗೆ ಫ್ಲಾರೆನ್ಸಿನ ಆ ಕೊನೆಯ ದೃಶ್ಯ ಹೇಗೆ ಇಳಿಯಬೇಕು? ಹೋಟೆಲಿನ ಮುಂದೆ ಕೂತ ಮುದುಕ ಆಲ್ಫ್ರೆಡ್ ತಲೆ ಎತ್ತುತ್ತಾನೆ. ಸತ್ತನೆಂದು ತಾನೇ ಅತ್ತು ಮಣ್ಣು ಮಾಡಿದ ಬ್ರೂಸ್ ಎರಡು ಮೇಜಿನಾಚೆ ಕೂತಿದ್ದಾನೆ, ಜೊತೆಗೆ ಹೆಣ್ಣೂ ಇದೆ. ಮುದುಕ ನಗುತ್ತಾನೆ, ಒಂದು ಸಲ ತಲೆಯಾಡಿಸುತ್ತಾನೆ, ದುಡ್ಡಿಟ್ಟು ಎದ್ದುಹೋಗುತ್ತಾನೆ. “ಊಟ ಆಯ್ತಾ ಅಂತ ಒಂದು ಮಾತು ಕೇಳಬಾರದಾ? ‘ನೀವು ಬರಲೇಬೇಕು, ಜನ ಕಾಯ್ತಾ ಇದಾರೆ’ ಅಂತ ಕಾಲಿಗೆ ಬೀಳಬಾರದಾ? ಎಂಟು ವರ್ಷ ಮನೆಯಲ್ಲಿ ಕೂತಾಗಲೂ ಒಂದು ಸಮಾವೇಶ ಮಾಡಲಿಲ್ಲ, ಒಂದು ಹೇಳಿಕೆ ಕೊಡಲಿಲ್ಲ. ಬದುಕಿದ್ದಾಗಲೇ ಪ್ರತಿಮೆ ಆಯ್ತು, ಅನಾವರಣಕ್ಕೂ ಬರಲಿಲ್ಲ ಪುಣ್ಯಾತ್ಮ!”

ಬಿಟ್ಟುಹೋದವರು ನಿಮ್ಮ ಸುತ್ತಲೇ ಇದ್ದರಲ್ಲಪ್ಪಾ ಎಂದೆ. ಅಲ್ಲಮಪ್ರಭುವಿನ ಬಳ್ಳಿಗಾವಿ ಶಿರಾಳಕೊಪ್ಪದ ಪಕ್ಕಕ್ಕೇ ಇದೆ. ಅರಮನೆ ಬಿಟ್ಟು ನಡೆದ ಅಕ್ಕಮಹಾದೇವಿಯ ಉಡುತಡಿಯೂ ದೂರವಲ್ಲ. ಅವನು ಒಂದು ಗಳಿಗೆ ಯೋಚಿಸಿದ. “ಹೌದು ಸಾರ್, ಆದ್ರೆ ಇಬ್ಬರೂ ಊರು ಬಿಟ್ಟು ಹೋದರು ನೋಡಿ. ಇಲ್ಲೇ ಇದ್ದಿದ್ದರೆ ನಾವು ಬಿಡ್ತಿರಲಿಲ್ಲ.” ಆಮೇಲೆ ತಾನೇ ತಾಳಗುಂದದ ಕಂಬ ತಂದ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳ, ದರ್ಭೆ ಹಿಡಿಯುವ ಕೈಗೆ ಕತ್ತಿ. ಮಯೂರಶರ್ಮನ ಈ ಕಥೆಯಲ್ಲಿ ಸೂಪರ್ ಹೀರೊನ ಮೊದಲ ಭಾಗಕ್ಕೆ ಬೇಕಾದದ್ದೆಲ್ಲ ಇದೆ. ಅದನ್ನು ಕಲ್ಲಿಗೆ ಹಾಕಿಸಿದ್ದು ಯಾರು? ಅದೇ ವಂಶದ ಶಾಂತಿವರ್ಮ. ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ ಕಥೆಗೆ ಕಂಬವೂ ಇಲ್ಲ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಗೆದ್ದವನೂ ಅವನೇ. ನೋಲನ್ ಬಾಗಿಲು ಹಾಕಿ ಒಂದು ವರ್ಷ ಚಿಲ್ಲರೆ ಕಳೆಯುವುದರೊಳಗೆ ಕಂಪನಿಯವರು ಬೆನ್ ಆಫ್ಲೆಕ್‌ಗೆ ಅದೇ ಬಾವಲಿ ತೊಡಿಸುವುದಾಗಿ ಸಾರಿದರು. 2022ಕ್ಕೆ ಪ್ಯಾಟಿನ್ಸನ್ ಸರದಿ. ಅತ್ತ ಮಾರ್ವೆಲ್‌ನವರದು ಇನ್ನೂ ಒಂದು ಕೈ ಮೇಲು: 2019ರಲ್ಲಿ ಐರನ್ ಮ್ಯಾನ್ ಆಗಿ ಪ್ರಾಣಬಿಟ್ಟು ಜನರನ್ನು ಗೋಳಾಡಿಸಿದ ರಾಬರ್ಟ್ ಡೌನಿಯನ್ನು 2024ರಲ್ಲಿ ವೇದಿಕೆಗೆ ಕರೆದು, ಇನ್ನು ಮುಂದೆ ಇವರೇ ಖಳನಾಯಕ ಡಾಕ್ಟರ್ ಡೂಮ್ ಎಂದು ಘೋಷಿಸಿದರು. ಲೋಕವೆಲ್ಲ ಬೆಚ್ಚಿತು. ಗೆಳೆಯ ಯಾರದೋ ಫೋನಿಗೆ ಗಾಜು ಅಂಟಿಸುತ್ತ, ಗುಳ್ಳೆಯನ್ನು ಹೆಬ್ಬೆರಳಲ್ಲಿ ಅಂಚಿಗೆ ತಳ್ಳುತ್ತ ಹೇಳಿದ: “ಅದೇ ಮುಖ, ಬೇರೆ ಚಿಹ್ನೆ. ಇದರಲ್ಲಿ ಬೆಚ್ಚೋದೇನಿದೆ ಸಾರ್?”

ಅವನ ಲೆಕ್ಕದಲ್ಲಿ ಬ್ರೂಸ್ ವೇನ್‌ಗೆ ಫ್ಲಾರೆನ್ಸಿನಲ್ಲಿ ಇಷ್ಟೊತ್ತಿಗೆ ಒಬ್ಬ ಮಗ ಹುಟ್ಟಿ ಹತ್ತು ವರ್ಷವಾದರೂ ಆಗಿರಬೇಕು. ಟಿಕೆಟ್‌ಗೆ ವಯಸ್ಸು ಸಾಲದು, ಫ್ಲೆಕ್ಸ್‌ಗೆ ಧಾರಾಳವಾಯಿತು.