ಟಪಾಲು ಬಂದ ದಾರಿ

ಪದ್ಮಕ್ಕ, ಆಡಿಟರ್ ಆಫೀಸಿನಿಂದ ನಿಮ್ಮ ಯಜಮಾನರ ರಿಟರ್ನ್ ಕಾಗದವೆಲ್ಲ ಮೇಲ್‌ನಲ್ಲೇ ಬಂತು ಅಂದ್ರಲ್ಲ, ಅದು ದಾರೀಲಿ ಬೀಗ ಹಾಕ್ಕೊಂಡು ಬಂತಾ, ನೋಡಿದ್ರಾ? ಬ್ರೌಸರಿನ ಮೇಲೆ ಬೀಗದ ಚಿತ್ರ ಇದೆ ಅಂತೀರಿ. ಅದು ನಿಮ್ಮ ಕಂಪ್ಯೂಟರಿಗೂ ಜಿಮೇಲಿಗೂ ನಡುವಿನ ದಾರಿಗೆ ಮಾತ್ರ. ಆಡಿಟರ ಸರ್ವರಿನಿಂದ ಗೂಗಲ್ ಸರ್ವರಿಗೆ ಬಂದ ದಾರಿ ಬೇರೆಯೇ. ಅದರ ಸುದ್ದಿ ಆ ಚಿತ್ರ ಹೇಳೋದಿಲ್ಲ.

ತಿಳ್ಕೊಳ್ಳೋದು ಕಷ್ಟ ಏನಲ್ಲ. ಕಂಪ್ಯೂಟರಿನಲ್ಲಿ ಆ ಮೇಲ್ ತೆರೀರಿ. ಕಳಿಸಿದವರ ಹೆಸರಿನ ಕೆಳಗೆ ಒಂದು ಪುಟ್ಟ ಬಾಣ ಇರುತ್ತೆ, ಒತ್ತಿ. ಸೆಕ್ಯುರಿಟಿ ಅನ್ನೋ ಸಾಲಿನಲ್ಲಿ ಟಿಎಲ್‌ಎಸ್ ಅಂತ ಇದ್ರೆ ಸರಿ, ನಡುವೆ ಯಾರೂ ಓದದ ಹಾಗೆ ಮಾಡೋ ಬೀಗ ಅದೇ. ಕೆಂಪು ಬಣ್ಣದ ತೆರೆದ ಬೀಗ ಕಂಡ್ರೆ ಅಷ್ಟೂ ಬಿಚ್ಚಿಟ್ಟುಕೊಂಡೇ ಬಂದಿದೆ ಅಂತ ಅರ್ಥ. ಜಿಮೇಲ್ ಈ ಕೆಂಪು ಬೀಗ ತೋರಿಸೋಕೆ ಶುರು ಮಾಡಿದ್ದು 2016ರಲ್ಲಿ.

ಇನ್ನೂ ಒಳಗೆ ನೋಡ್ಬೇಕಾ? ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ರಿಸೀವ್ಡ್ ಅಂತ ಶುರುವಾಗೋ ಸಾಲುಗಳು ಕಾಣ್ತವೆ. ಮೇಲ್ ಹಾದುಬಂದ ಒಂದೊಂದು ಸರ್ವರೂ ತನ್ನ ಸಾಲನ್ನ ಮೇಲ್ಗಡೆ ಸೇರಿಸುತ್ತಾ ಹೋಗುತ್ತೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದ್ಬೇಕು. ಇಎಸ್‌ಎಂಟಿಪಿಎಸ್ ಅಂತ ಕೊನೇಲಿ ಎಸ್ ಇದ್ರೆ ಆ ಹಂತಕ್ಕೆ ಬೀಗ ಇತ್ತು. ತೀರಾ ಮೇಲಿನ ಸಾಲಿನಲ್ಲಿ ಬರೀ ಎಸ್‌ಎಂಟಿಪಿ ಅಂತ ಕಂಡು ಗಾಬರಿ ಬೀಳ್ಬೇಡಿ, ಅದು ಗೂಗಲ್ ಮನೆಯೊಳಗಿನ ಓಡಾಟ. ಎಂಎಕ್ಸ್ ಡಾಟ್ ಗೂಗಲ್ ಡಾಟ್ ಕಾಮ್ ಅಂತ ಇರೋ ಸಾಲೇ ಮುಖ್ಯ. ಹೊರಗಿನಿಂದ ಬಂದದ್ದನ್ನ ಗೂಗಲ್ ತಾನೇ ಬರ್ಕೊಂಡಿರೋದು ಅಲ್ಲಿ. ಅದಕ್ಕಿಂತ ಕೆಳಗಿನ ಸಾಲುಗಳನ್ನ ಕಳಿಸಿದವರು ಹೇಗೆ ಬೇಕಾದ್ರೂ ಬರೀಬಹುದು.

ಇಷ್ಟೊಂದು ಯಾಕೆ ನೋಡ್ಬೇಕು ಅಂದ್ರೆ, ಟಪಾಲು ಸಾಗಿಸೋ ಈ ಎಸ್‌ಎಂಟಿಪಿ ಪದ್ಧತಿ 1982ರದ್ದು. ಆವಾಗ ಬೀಗದ ಯೋಚನೆಯೇ ಇರಲಿಲ್ಲ. 1999ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಬಂತು. ಒಂದು ಸರ್ವರು ಬಂದು ನಮಸ್ಕಾರ ಹೇಳುತ್ತೆ, ಇನ್ನೊಂದು ‘ನನಗೆ ಬೀಗದ ಮಾತೂ ಬರುತ್ತೆ’ ಅನ್ನುತ್ತೆ, ಮುಂದಿನದೆಲ್ಲ ಗುಟ್ಟಾಗಿ ನಡೆಯುತ್ತೆ. ಆದ್ರೆ ಆ ಮಾತು ಕೇಳಿಸದೇ ಹೋದ್ರೆ? ಮೇಲ್ ನಿಲ್ಲೋದಿಲ್ಲ ಅಕ್ಕ, ಸುಮ್ಮನೆ ಬಟಾಬಯಲಲ್ಲೇ ಹೊರಟುಬಿಡುತ್ತೆ! ನನಗೆ ಹೊಟ್ಟೆ ಉರಿಯೋದು ಇಲ್ಲೇ. ನಡುವೆ ಕೂತವನು ಆ ಒಂದು ಮಾತನ್ನ ಅಳಿಸಿದ್ರೆ ಸಾಕು. 2015ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರೂ ಗೂಗಲ್‌ನವರೂ ಸೇರಿ ಹುಡುಕಿದಾಗ, ಟ್ಯುನೀಶಿಯಾದಿಂದ ಜಿಮೇಲಿಗೆ ಬರ್ತಿದ್ದ ನೂರಕ್ಕೆ 96 ಮೇಲ್‌ಗಳಿಗೆ ಹೀಗೇ ಆಗಿತ್ತು. ಕಳಿಸಿದವರಿಗೂ ಗೊತ್ತಿಲ್ಲ, ಪಡೆದವರಿಗೂ ಗೊತ್ತಿಲ್ಲ.

ಇದಕ್ಕೆ ಮದ್ದು 2018ರಲ್ಲಿ ಬಂತು, ಎಂಟಿಎ-ಎಸ್‌ಟಿಎಸ್ ಅಂತ. ‘ಬೀಗ ಇಲ್ಲದೆ ನನ್ನ ಹತ್ರ ಬರಲೇಬೇಡ, ಬೀಗ ನನ್ನದೇನಾ ಅಂತ ಪರೀಕ್ಷೆ ಮಾಡಿ ಬಾ’ ಅಂತ ಪಡೆಯುವ ಸರ್ವರು ಮೊದಲೇ ಸಾರಿರುತ್ತೆ. ಜಿಮೇಲ್ 2019ರಲ್ಲೇ ಇದನ್ನ ಹಿಡಿದುಕೊಂಡಿತು. ಆದರೆ ಕಳಿಸೋ ಸರ್ವರೂ ಈ ಮಾತಿಗೆ ಕಿವಿಗೊಡಬೇಕಲ್ಲ. ಕಿವಿಗೊಟ್ಟರೂ ಇದೇ ಎಲ್ಲಾ ಅಲ್ಲ. ಬೀಗ ದಾರಿಗಷ್ಟೇ, ಸರ್ವರಿನೊಳಗೆ ಮೇಲ್ ಓದುವ ಹಾಗೇ ಇರುತ್ತೆ.

ನಿಮ್ಮ ಮೇಲ್‌ನಲ್ಲಿ ಇರೋದು ಪ್ಯಾನ್ ನಂಬರು, ಬ್ಯಾಂಕ್ ಖಾತೆ, ಸಂಬಳದ ಲೆಕ್ಕ. ಇವತ್ತೇ ಆ ಬಾಣ ಒತ್ತಿ ನೋಡಿ. ಕೆಂಪು ಬೀಗ ಕಂಡ್ರೆ ಸಂಕೋಚ ಪಡದೆ ಆಡಿಟರಿಗೆ ಫೋನ್ ಮಾಡಿ, ಅವರ ಮೇಲ್ ನೋಡಿಕೊಳ್ಳೋ ಹುಡುಗರಿಗೆ ಟಿಎಲ್‌ಎಸ್ ಹಾಕೋಕೆ ಹೇಳಿ ಅಂತ ಕೇಳಿ. ಅವರು ಹಾಕಿಸೋವರೆಗೆ ಕಾಗದಗಳನ್ನ ಆಫೀಸಿಗೇ ಹೋಗಿ ಕೈಯಾರೆ ತಗೊಂಡು ಬನ್ನಿ.