ಶ್ರೀಮತಿಯ ಕೈಗೊಂದು ಸ್ವಿಸ್ ವಾಚು

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಹೆಂಡತಿಗೆ ಏನು ಕೊಡಬೇಕೆಂದು ತಲೆ ಕೆಡಿಸಿಕೊಂಡಿರುವ ಗೃಹಸ್ಥರಿಗೆ ನನ್ನದು ಒಂದೇ ಸಲಹೆ: ಲಕ್ಷುರಿ ವಾಚು ಕೊಡಿ. ಸೀರೆ ಕೊಟ್ಟರೆ ಅಂಚು ಸರಿಯಿಲ್ಲ ಎನ್ನುತ್ತಾರೆ. ಒಡವೆ ಕೊಟ್ಟರೆ ವೇಸ್ಟೇಜು ಎಷ್ಟು ಹಾಕಿದ ಎಂದು ಕೇಳುತ್ತಾರೆ. ಮಿಕ್ಸಿ ಕೊಟ್ಟರೆ ಮಾತು ಬಿಡುತ್ತಾರೆ. ವಾಚಿನಲ್ಲಿ ಈ ಯಾವ ಅಪಾಯವೂ ಇಲ್ಲ. ಅದರ ಗುಣಾವಗುಣ ಅವರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ. ನಮಗೆ ಗೊತ್ತಿರುವುದು ಬೆಲೆಯೊಂದೇ. ಅದು ಸಂಜೆಯೊಳಗೆ ಬಂಧುಬಳಗಕ್ಕೆಲ್ಲ ಗೊತ್ತಾಗಿರುತ್ತದೆ.

ಸಮಯ ನೋಡಲು ಅವರಿಗೆ ವಾಚು ಬೇಕಾಗಿಲ್ಲ ಎಂಬುದು ಇದರ ಮೊದಲ ಅನುಕೂಲ. ಹಾಲಿನವನು ಗೇಟಿಗೆ ಪ್ಯಾಕೆಟ್ ಸಿಕ್ಕಿಸಿದರೆ ಐದೂವರೆ, ಕಸದ ಆಟೋ ಹಾಡು ಹಾಕಿಕೊಂಡು ಬಂದರೆ ಏಳು, ಸ್ಕೂಲ್ ವ್ಯಾನಿನವನು ಎರಡನೇ ಸಲ ಹಾರ್ನ್ ಹೊಡೆದರೆ ಏಳೂ ಮುಕ್ಕಾಲು. ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೂ ‘ಟೈಮೆಷ್ಟಾಯ್ತು?’ ಎಂದು ಕೇಳುವುದು ಅಡುಗೆಮನೆಯ ಕಡೆ ತಿರುಗಿಯೇ. ಇಂಥವರಿಗೆ ಕೆಲಸಕ್ಕೆ ಬರುವ ಗಡಿಯಾರ ಕೊಡುವುದು ಅವರ ವಿದ್ಯೆಗೆ ಅವಮಾನ. ಲಕ್ಷುರಿ ವಾಚಿನಿಂದ ಆ ಅಪಚಾರ ಆಗುವುದಿಲ್ಲ.

ಕೈಗಡಿಯಾರದ ವಂಶಾವಳಿಯೂ ಸಾಮಾನ್ಯದ್ದಲ್ಲ. ನೆಪೋಲಿಯನ್ನನ ತಂಗಿ, ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯುರಾ 1810ರಲ್ಲಿ ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆಯ ಬಳಿ ಕೈಗೆ ಕಟ್ಟಿಕೊಳ್ಳುವ ಗಡಿಯಾರ ಮಾಡಿಸಿದಳು. 1868ರಲ್ಲಿ ಜಿನೀವಾದ ಪಟೆಕ್ ಫಿಲಿಪ್ ಹಂಗೆರಿಯ ಕೌಂಟೆಸ್ ಒಬ್ಬಳಿಗೆ ಅಂಥದ್ದೇ ಒಂದನ್ನು ಮಾಡಿಕೊಟ್ಟಿತು. ಗಂಡಸರು ಆಗ ಸರಪಳಿ ಕಟ್ಟಿದ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡು, ಕೈಗೆ ಕಟ್ಟುವುದು ಬಳೆಯ ಜಾತಿಯದ್ದೆಂದು ನಗುತ್ತಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬಂದೂಕು ಹಿಡಿದ ಕೈಯನ್ನು ಜೇಬಿಗೆ ಹಾಕಲು ಪುರುಸೊತ್ತಿರಲಿಲ್ಲ. ಅಂದಿನಿಂದ ಬಳೆ ಉಪಕರಣವಾಯಿತು. ಗಂಡಸರ ವಾಚು ಸಮುದ್ರದ ತಳಕ್ಕಿಳಿಯಿತು, 1969ರಲ್ಲಿ ಚಂದ್ರನಿಗೂ ಹೋಗಿಬಂದಿತು. ಹೆಂಗಸರ ಪಾಲಿಗೆ ಏನೂ ಉಳಿಯಲಿಲ್ಲ ಎನ್ನಬೇಡಿ. ಸುತ್ತ ವಜ್ರ ಕೂರಿಸಿಕೊಟ್ಟರು. ಅಣ್ಣತಮ್ಮಂದಿರ ಭಾಗಪತ್ರದಲ್ಲೂ ಇಷ್ಟು ನ್ಯಾಯ ಸಿಗುವುದಿಲ್ಲ.

ಕಾಯುವಿಕೆಯ ವಿಷಯದಲ್ಲಿ ನಮ್ಮ ಕಾಲದವರಿಗೆ ಸಹನೆ ಸಾಲದು. ಹೆಸರುವಾಸಿ ಮಾಡೆಲ್ಲಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕೆಂದರೆ ಗೊಣಗುತ್ತಾರೆ. ಫ್ರಾನ್ಸಿನ ರಾಣಿ ಮರಿ ಅಂತ್ವಾನೆತ್‌ಗೆಂದು, ಆ ಕಾಲಕ್ಕೆ ಗೊತ್ತಿದ್ದ ಯಂತ್ರಚಮತ್ಕಾರಗಳನ್ನೆಲ್ಲ ತುಂಬಿದ ಗಡಿಯಾರವೊಂದಕ್ಕೆ ಇದೇ ಬ್ರೆಗೆಯ ಬಳಿ 1783ರಲ್ಲಿ ಆರ್ಡರ್ ಬಂತು. 1793ರಲ್ಲಿ ರಾಣಿಯ ತಲೆ ಹೋಯಿತು. 1823ರಲ್ಲಿ ಬ್ರೆಗೆಯೂ ತೀರಿಕೊಂಡ. ಗಡಿಯಾರ 1827ರಲ್ಲಿ ಸಿದ್ಧವಾಯಿತು. ಕಟ್ಟಿಕೊಳ್ಳುವವಳಿಲ್ಲ, ಮಾಡಿದವನಿಲ್ಲ, ಆದರೂ ಗುಣಮಟ್ಟದಲ್ಲಿ ರಾಜಿಯಿಲ್ಲ. ಆಮೇಲೆ 1983ರಲ್ಲಿ ಜೆರುಸಲೇಮಿನ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2007ರ ಹೊತ್ತಿಗೆ ಮರಳಿ ಸಿಕ್ಕಿತು. ಹೆಂಗಸಿಗಾಗಿ ಮಾಡಿಸಿದ ವಾಚು ಹೆಂಗಸಿನ ಕೈ ಸೇರಲೇಬೇಕು ಎಂಬ ಹಟ ಒಳ್ಳೆಯದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇನ್ನು ಆಯ್ಕೆಯ ಸೂತ್ರಗಳು. ಮೊದಲನೆಯದು ಗಾತ್ರ. ನಿಮ್ಮದು 40 ಮಿಲಿಮೀಟರ್ ಇದ್ದರೆ ಅವರದು 28 ಇರಲಿ. ಇನ್ನೂ ಚಿಕ್ಕದಾದಷ್ಟೂ ಘನತೆ. ಜೇಗರ್ ಲಕೂಲ್ತ್ರ ಕಂಪನಿ 1929ರಲ್ಲಿ ಮಾಡಿದ 101 ಎಂಬ ಯಂತ್ರ ಸುಮಾರು ಒಂದು ಗ್ರಾಂ ತೂಗುತ್ತದೆ, ಅಷ್ಟರಲ್ಲೇ ಹತ್ತಾರು ಬಿಡಿಭಾಗ. 1953ರ ಪಟ್ಟಾಭಿಷೇಕದ ದಿನ ರಾಣಿ ಎಲಿಜಬೆತ್ ಕೈಯಲ್ಲಿದ್ದದ್ದು ಈ ಯಂತ್ರವಿದ್ದ ವಾಚು. ಅಷ್ಟು ಪುಟ್ಟ ಡಯಲ್ ಕಾಣುತ್ತಿತ್ತೇ ಎಂದು ಕೇಳಬಾರದು. ಹೊತ್ತಾಯಿತು ಎಂದು ರಾಣಿಗೆ ಹೇಳಲು ಜನರಿದ್ದರು. ನಮ್ಮ ಮನೆಯ ರಾಣಿಯರಿಗೂ ಇದ್ದಾರೆ. ‘ಇನ್ನೂ ತಿಂಡಿ ಆಗ್ಲಿಲ್ವಾ?’ ಎಂದು ಗಂಟೆ ಹೊಡೆದಂತೆ ಹೇಳುತ್ತಾರೆ.

ಎರಡನೆಯದು ಡಯಲ್. ಅಂಕಿ ಇರಕೂಡದು, ಅದರ ಜಾಗದಲ್ಲಿ ವಜ್ರದ ಚುಕ್ಕಿ ಇರಬೇಕು. ಸೆಕೆಂಡಿನ ಮುಳ್ಳು ಬೇಡ. ಹಿನ್ನೆಲೆಗೆ ಮುತ್ತಿನ ಚಿಪ್ಪು. ಬೆಳಕು ಬಿದ್ದರೆ ಮುಳ್ಳುಗಳು ಯಾವ ಕಡೆ ಇವೆಯೆಂದು ತಿಳಿಯಬಾರದು. ಡಯಲ್ಲಿನ ಮೇಲೇ ಮುಚ್ಚಳವಿರುವ ಸೀಕ್ರೆಟ್ ವಾಚುಗಳೂ ಇವೆ. ನಾಲ್ಕು ಜನರ ನಡುವೆ ಹೆಂಗಸು ಸಮಯ ನೋಡುವುದು ಸಭ್ಯತೆಯಲ್ಲ ಎಂದು ಯುರೋಪಿನ ದೊಡ್ಡ ಮನೆತನಗಳು ಎಣಿಸಿದ್ದ ಕಾಲದ ಕೊಡುಗೆ ಅದು. ಮನೆಗೆ ಬಂದ ನೆಂಟರು ಎರಡನೇ ಸುತ್ತಿನ ಕಾಫಿ ಮುಗಿಸಿಯೂ ಏಳದಿದ್ದಾಗ ಈ ಮುಚ್ಚಳದ ಬೆಲೆ ತಿಳಿಯುತ್ತದೆ.

ಮೂರನೆಯದು ನೀರು. ಹಿಂಬದಿಯಲ್ಲಿ 30 ಮೀಟರ್ ಎಂದು ಕೆತ್ತಿರುತ್ತಾರೆ. ಅದು ಪ್ರಯೋಗಾಲಯದ ಒತ್ತಡದ ಲೆಕ್ಕ. ಬಳಕೆಯಲ್ಲಿ ಅದರ ಅರ್ಥ, ನಾಲ್ಕು ಹನಿ ಸಿಡಿದರೆ ಚಿಂತೆಯಿಲ್ಲ, ಕಟ್ಟಿಕೊಂಡು ಈಜುವುದು ಬೇಡ. ಮೊಸಳೆ ಚರ್ಮದ ಬೆಲ್ಟಿಗಂತೂ ನೀರೂ ಆಗದು, ಬೆವರೂ ಆಗದು. ಬದುಕಿದ್ದಷ್ಟು ಕಾಲ ಮೊಸಳೆ ನೀರಿನಲ್ಲೇ ಇತ್ತು. ಸತ್ತ ಮೇಲಾದರೂ ಅದಕ್ಕೆ ವಿಶ್ರಾಂತಿ ಬೇಡವೆ? ಆದ್ದರಿಂದ ಇಡ್ಲಿ ಪಾತ್ರೆಯ ಹಬೆ, ಸಿಂಕಿನ ಸೋಪು ನೀರು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಬಸ್ಸಿನ ಸೆಕೆ, ಇವುಗಳಿಂದ ವಾಚನ್ನು ದೂರವಿಡಬೇಕು. ಉಳಿದ ಸಮಯದಲ್ಲಿ ಧಾರಾಳವಾಗಿ ಕಟ್ಟಿಕೊಳ್ಳಬಹುದು.

ನಾಲ್ಕನೆಯದು ಒಳಗಿನ ಯಂತ್ರ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಇವತ್ತಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಹರಳಿನ ಚೂರೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಫುಟ್‌ಪಾತಿನಲ್ಲಿ ಕೊಂಡ ವಾಚೂ ತಿಂಗಳಿಗೆ ಕೆಲವೇ ಸೆಕೆಂಡು ತಪ್ಪುತ್ತದೆ. ಸ್ಪ್ರಿಂಗಿನಿಂದ ನಡೆಯುವ ಸ್ವಿಸ್ ಕ್ರೋನೋಮೀಟರಿಗೆ ದಿನಕ್ಕೆ 4 ಸೆಕೆಂಡು ಹಿಂದೆ ಬೀಳಲು, 6 ಸೆಕೆಂಡು ಮುಂದೆ ಓಡಲು ಅಧಿಕೃತ ಪ್ರಮಾಣಪತ್ರವೇ ಸಿಗುತ್ತದೆ. ತಪ್ಪುವುದಕ್ಕೆ ಪ್ರಮಾಣಪತ್ರ ಪಡೆದ ವಸ್ತುವಿಗೆ ಬೆಲೆ ಹೆಚ್ಚಿರುವುದು ಸಹಜ.

ಐದನೆಯದು ಚಿನ್ನ. ವಾಚಿನ ಚಿನ್ನ ಸಾಮಾನ್ಯವಾಗಿ 18 ಕ್ಯಾರೆಟ್, ಅಂದರೆ ನೂರಕ್ಕೆ ಎಪ್ಪತ್ತೈದು. ನಿಮ್ಮ ಶ್ರೀಮತಿ 22 ಕ್ಯಾರೆಟ್ಟಿಗಿಂತ ಕಡಿಮೆಯದ್ದನ್ನು ಚಿನ್ನವೆಂದೇ ಒಪ್ಪದವರು. ‘ಕರಗಿಸಿದ್ರೆ ಎಷ್ಟು ಬರತ್ತೇರೀ?’ ಎಂದು ಕೇಳಿಯೇ ಕೇಳುತ್ತಾರೆ. ಆಗ ಪರಂಪರೆ, ಕುಶಲಕಲೆ, ಆಲ್ಪ್ಸ್ ಪರ್ವತದ ತಪ್ಪಲು ಎಂಬ ಮೂರು ಪದಗಳನ್ನು ಬಳಸಿ ಉತ್ತರಿಸಬೇಕು.

ಅಂಗಡಿಗೆ ಒಬ್ಬರೇ ಹೋಗುವುದು ಕ್ಷೇಮ. ಅಲ್ಲಿ ಮಖಮಲ್ಲಿನ ತಟ್ಟೆ, ಬಿಳಿ ಕೈಗವಸು, ಕೇಳದೆಯೇ ಬರುವ ನಿಂಬೆ ಚೂರು ಹಾಕಿದ ನೀರು. ‘ಮೇಡಂ ಕೈ ಅಳತೆ ಎಷ್ಟು ಸರ್?’ ಎಂದು ಮಾರುವ ಹುಡುಗಿ ಕೇಳುತ್ತಾಳೆ. ಗೃಹಸ್ಥರು ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಗಾಳಿಯಲ್ಲೊಂದು ವೃತ್ತ ತೋರಿಸುತ್ತಾರೆ. ನೋಡಿ, ಅನುಮಾನ ಬಂದು, ಸ್ವಲ್ಪ ದೊಡ್ಡದು ಮಾಡುತ್ತಾರೆ. ಆಮೇಲೆ ಮನೆಗೆ ಫೋನು.

‘ಏನೇ, ನಿನ್ನ ಬಳೆ ಸೈಜೆಷ್ಟು?’

‘ಎರಡು-ಆರು. ಯಾಕ್ರೀ? ಬರ್ತಾ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ.’

ಎರಡು-ಆರು ಎಂಬುದು ಜಿನೀವಾದ ಕೋಷ್ಟಕದಲ್ಲಿಲ್ಲ. ಪರವಾಗಿಲ್ಲ, ಚೈನಿನ ಕೊಂಡಿ ಯಾವಾಗ ಬೇಕಾದರೂ ತೆಗೆಸಬಹುದು ಎಂದು ಹುಡುಗಿ ಸಮಾಧಾನ ಹೇಳುತ್ತಾಳೆ. ಕಾರ್ಡು ಉಜ್ಜಿದ್ದಾಯಿತು. ಗಂಡನ ಹೆಸರಿನಲ್ಲಿ ಬಿಲ್ಲು, ಗಂಡನ ಪ್ಯಾನ್ ನಂಬರು, ಗಂಡನ ಮೊಬೈಲಿಗೆ ಶುಭಾಶಯದ ಸಂದೇಶ. ಕೊತ್ತಂಬರಿ ಸೊಪ್ಪು ಮರೆತುಹೋಗುತ್ತದೆ. ಇಂಥ ದಿನ ಅದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಬಾರದು.

ಹಿಂದಿನವರಿಗೆ ಈ ಸೂಕ್ಷ್ಮಗಳು ತಿಳಿದಿರಲಿಲ್ಲ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಶುರುಮಾಡಿ, ಹೆಂಗಸರಿಗೆಂದು ಸುಜಾತಾ ಎಂಬ ಮಾಡೆಲ್ಲು ತಂದಿತು. ಅದರ ದೋಷ ಒಂದೆರಡಲ್ಲ. ಡಯಲ್ ನೋಡಿದರೆ ಸಮಯ ತಿಳಿದುಬಿಡುತ್ತಿತ್ತು. ಕನ್ನಡ ಶಾಲೆಯ ಮೇಡಂಗಳು, ಸರ್ಕಾರಿ ಆಸ್ಪತ್ರೆಯ ನರ್ಸುಗಳು ಅದನ್ನು ದಿನಾ ಕಟ್ಟುತ್ತಿದ್ದರು, ಬೆಳಿಗ್ಗೆ ಕೀ ಕೊಡುತ್ತಿದ್ದರು, ತಮ್ಮ ಸಂಬಳದಲ್ಲೇ ಕೊಂಡಿರುತ್ತಿದ್ದರು. ಕೆಟ್ಟರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗೂಡಂಗಡಿಯಲ್ಲಿ ಕೂತವನು ಸಂಜೆಯೊಳಗೆ ಸರಿ ಮಾಡಿಕೊಡುತ್ತಿದ್ದ. ಇಷ್ಟೊಂದು ಉಪಯೋಗಕ್ಕೆ ಬಿದ್ದ ವಸ್ತುವಿಗೆ ಲಕ್ಷುರಿಯ ಲಕ್ಷಣ ಎಲ್ಲಿಂದ ಬರಬೇಕು? 2016ರಲ್ಲಿ ಕೇಂದ್ರ ಸಂಪುಟ ಆ ವಾಚಿನ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ಅದೇ ವರ್ಷ ಕರ್ನಾಟಕದ ಜನ ಹೂಬ್ಲೋ ಎಂಬ ಹೆಸರು ಕಲಿತರು. ಆಗಿನ ಮುಖ್ಯಮಂತ್ರಿಗಳ ಕೈಯಲ್ಲಿದ್ದ ಉಡುಗೊರೆ ವಾಚು ವಿಧಾನಸಭೆಯಲ್ಲಿ ಗದ್ದಲ ಎಬ್ಬಿಸಿ, ಕೊನೆಗೆ ಸರ್ಕಾರದ ಆಸ್ತಿಯಾಯಿತು. ಗಂಡಸಿನ ವಾಚಿಗೆ ಈ ಅಪಾಯ ಇದ್ದೇ ಇದೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳುತ್ತಾರೆ. ಹೆಂಗಸಿನ ವಾಚಿಗೆ ಅಂಥ ಪ್ರಶ್ನೆಯಿಲ್ಲ. ಅವರೇ ದುಡಿದು ಕೊಂಡಿದ್ದರೂ ‘ಯಜಮಾನ್ರು ಕೊಡಿಸಿದ್ರಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಕ್ಕೆ ಹೋಗುತ್ತಾರೆ.

ಜಿನೀವಾದ ಹಳೆಯ ಕಂಪನಿಯೊಂದು 1996ರಿಂದ ತನ್ನ ಜಾಹೀರಾತಿನಲ್ಲಿ ಸಾರುತ್ತ ಬಂದಿರುವ ತತ್ವ ಏನೆಂದರೆ, ವಾಚಿನ ಒಡೆತನ ನಿಮ್ಮದಲ್ಲ, ಮುಂದಿನ ತಲೆಮಾರಿಗೆಂದು ನೀವು ಅದನ್ನು ಕಾಯ್ದಿಡುತ್ತೀರಿ ಅಷ್ಟೆ. ಗಂಡಸರು ಇದನ್ನು ಓದಿ ಗಂಭೀರರಾಗುತ್ತಾರೆ. ನಮ್ಮ ಹೆಂಗಸರಿಗೆ ಇದರಲ್ಲಿ ಹೊಸತೇನೂ ಇಲ್ಲ. ಮದುವೆಯ ದಿನ ಅತ್ತೆ ಅವಲಕ್ಕಿ ಸರ ಕೊರಳಿಗೆ ಹಾಕಿ, ‘ಮನೆತನದ್ದು ಕಣಮ್ಮ, ಜೋಪಾನ’ ಎಂದಾಗಲೇ ಅವರಿಗೆ ತರಬೇತಿ ಮುಗಿದಿರುತ್ತದೆ. ವಾಚೂ ಸರದ ಪಕ್ಕದಲ್ಲೇ ಬ್ಯಾಂಕ್ ಲಾಕರಿಗೆ ಹೋಗುತ್ತದೆ. ಕಟ್ಟದೆ ಇಟ್ಟರೆ ಎರಡು ಮೂರು ದಿನಕ್ಕೆ ನಿಲ್ಲುತ್ತದೆ, ನಿಲ್ಲಲಿ. ಆ ಮನೆಗೆ ಬಂದ ಮೇಲೆ ಪೂರ್ತಿ ವಿಶ್ರಾಂತಿ ಪಡೆದ ಮೊದಲ ಜೀವ ಅದು.

ಕಡೆಯ ಸೂಚನೆ ಎಲ್ಲಕ್ಕಿಂತ ಮುಖ್ಯ: ಏನು ಬೇಕೆಂದು ಅವರನ್ನೇ ಕೇಳಲು ಹೋಗಬೇಡಿ. ಕೇಳಿದವರ ಗತಿ ನೋಡಿದ್ದೇನೆ. ‘ಭಾನುವಾರ ಬೆಳಿಗ್ಗೆ ಒಂಬತ್ತರ ತನಕ ಯಾರೂ ನನ್ನ ಎಬ್ಬಿಸ್ಬೇಡಿ, ಅಷ್ಟು ಸಾಕು’ ಎಂದುಬಿಡುತ್ತಾರೆ. ಇದು ಉಡುಗೊರೆಯ ವ್ಯಾಖ್ಯೆಗೇ ಬರುವುದಿಲ್ಲ. 2025ರ ಏಪ್ರಿಲ್ 22ರಿಂದ ಕೇಂದ್ರ ಸರ್ಕಾರ ಹತ್ತು ಲಕ್ಷ ರೂಪಾಯಿಗೆ ಮೀರಿದ ಐಷಾರಾಮಿ ವಸ್ತುಗಳ ಮೇಲೆ ಶೇಕಡಾ 1ರಷ್ಟು ತೆರಿಗೆಯನ್ನು ಮಾರಾಟದ ಹೊತ್ತಿಗೇ ವಸೂಲು ಮಾಡುವ ನಿಯಮ ತಂದು, ಯಾವುದು ಐಷಾರಾಮಿ ಎಂದು ಪಟ್ಟಿಯನ್ನೂ ಕೊಟ್ಟಿತು. ಕೈಗಡಿಯಾರ ಅದರಲ್ಲಿದೆ, ತಂಪು ಕನ್ನಡಕವಿದೆ, ವಿಹಾರ ನೌಕೆಯಿದೆ, ಹೆಲಿಕಾಪ್ಟರಿದೆ, ಪೋಲೋ ಆಡುವ ಕುದುರೆಯೂ ಇದೆ. ಭಾನುವಾರದ ನಿದ್ದೆ ಇಲ್ಲ. ಪಟ್ಟಿಯಲ್ಲಿರುವುದನ್ನೇ ಕೊಡಿ, ಕಟ್ಟಿದ ತೆರಿಗೆಯನ್ನು ರಿಟರ್ನ್ಸ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಹೊಂದಿಸಿಕೊಳ್ಳಲೂ ಬರುತ್ತದೆ.